ಜೇಬಿನ ಚಾಕು: ಕೊಳ್ಳುವ ಮುನ್ನ ನೋಡೋಣ

ನಮ್ಮಲ್ಲಿ ಎಷ್ಟೋ ಜನ ಒಂದು ಸಣ್ಣ ಚಾಕು ಇಟ್ಟುಕೊಂಡಿರುತ್ತಾರೆ. ಕೆಲವರ ಜೇಬಿನಲ್ಲಿ ಇರುತ್ತೆ. ಕೆಲವರ ಎಲೆಅಡಿಕೆ ಸಂಚಿಯಲ್ಲಿ ಇರುತ್ತೆ. ಗೊಬ್ಬರದ ಚೀಲದ ದಾರ ಕತ್ತರಿಸಲು ಅದು ಬೇಕು. ಬಳ್ಳಿ ಕಟ್ಟುವ ಹುರಿ ಕೊಯ್ಯಲು ಬೇಕು. ಮಾವಿನಹಣ್ಣು ಹೆಚ್ಚಲೂ ಬೇಕು. ಅಲಗನ್ನು ಹಿಡಿಯೊಳಗೆ ಮಡಚಿ ಇಡುತ್ತೇವೆ. ಅದಕ್ಕೇ ಇದನ್ನು ಮಡಚುವ ಚಾಕು ಅಂತಾರೆ.

ಸಂತೆಯಲ್ಲಿ ಇಂಥ ಚಾಕುಗಳನ್ನು ರಾಶಿ ಹಾಕಿರುತ್ತಾರೆ. ಹೊಳೆಯುವುದನ್ನು ನೋಡಿ ನಾವು ಎತ್ತಿಕೊಂಡು ಬರುತ್ತೇವೆ. ಅಗ್ಗ ಅಂತ ಮುಗ್ಗಿದ ಜೋಳ ಕೊಂಡ ಹಾಗಾಗುತ್ತೆ. ಕೆಟ್ಟ ಚಾಕು ಕೆಲಸದ ನಡುವೆಯೇ ಮಡಚಿಕೊಳ್ಳುತ್ತೆ. ಆಗ ಅಲಗು ಬೀಳುವುದು ನಮ್ಮ ಬೆರಳಿನ ಮೇಲೆ. ಕೂಲಿ ಮಾಡುವವರಿಗೆ ಬೆರಳೇ ಬಂಡವಾಳ. ಬೆರಳು ಕುಯ್ದುಕೊಂಡರೆ ವಾರದ ಕೂಲಿ ಹೋಯಿತು. ಆಸ್ಪತ್ರೆ ಖರ್ಚು ಬೇರೆ. ಆದ್ದರಿಂದ ದುಡ್ಡು ಕೊಡುವ ಮುನ್ನ ನಾವೇ ಪರೀಕ್ಷೆ ಮಾಡೋಣ.

ಎಷ್ಟು ಉದ್ದ ಬೇಕು?

ದಿನದ ಕೆಲಸಕ್ಕೆ 3 ಇಂಚಿನ ಅಲಗು ಸಾಕು. ಅಳತೆಪಟ್ಟಿ ಇಲ್ಲವೇ? ನಿಮ್ಮ ನಾಲ್ಕು ಬೆರಳು ಜೋಡಿಸಿ ಇಡಿ. ಹೆಚ್ಚು ಕಡಿಮೆ ಅಷ್ಟೇ ಉದ್ದ. ಉದ್ದ ಹೆಚ್ಚಾದರೆ ಕೆಲಸ ಹೆಚ್ಚಾಗುವುದಿಲ್ಲ, ಭಾರ ಹೆಚ್ಚಾಗುತ್ತೆ.

ಎರಡು ಬಗೆ

ಮಡಚುವ ಚಾಕುವಿನಲ್ಲಿ ಎರಡು ಬಗೆ ಹೆಚ್ಚಾಗಿ ಸಿಗುತ್ತವೆ. ಒಂದರಲ್ಲಿ ಅಲಗನ್ನು ಸ್ಪ್ರಿಂಗ್ ಮಾತ್ರ ಬಿಗಿ ಹಿಡಿದಿರುತ್ತೆ. ಇದರಲ್ಲಿ ಎಳೆದು ಕೊಯ್ಯಬಹುದು. ಮೊನೆಯಿಂದ ಚುಚ್ಚಬಾರದು. ಚುಚ್ಚಿದರೆ ಅಲಗು ಹಿಂದಕ್ಕೆ ಮಡಚಿಕೊಳ್ಳಬಹುದು.

ಇನ್ನೊಂದರಲ್ಲಿ ಲಾಕ್ ಇರುತ್ತೆ. ಲಾಕ್ ಬಿಡಿಸದೆ ಅಲಗು ಮಡಚುವುದಿಲ್ಲ. ಗಟ್ಟಿ ಕೆಲಸ ಮಾಡುವವರಿಗೆ ಇದು ಒಳ್ಳೆಯದು.

ಲಾಕ್ ಇರುವ ಚಾಕು ಎಂದರೆ ಬೆಲೆ ಜಾಸ್ತಿ ಇರಲೇಬೇಕು ಅಂತಿಲ್ಲ. ಫ್ರಾನ್ಸ್ ದೇಶದ ಒಂದು ಚಾಕುವಿನ ಕಥೆ ಕೇಳಿ. ಅಲ್ಲಿ ಸವೋಯ್ ಎಂಬ ಬೆಟ್ಟದ ಸೀಮೆ ಇದೆ. ಅಲ್ಲಿನ ಜೋಸೆಫ್ ಒಪಿನೆಲ್ ಅವರ ತಂದೆ ಕೊಡಲಿ, ಕತ್ತಿ ಮಾಡುವ ಕಸುಬಿನವರು. ಮಗ 1890ರಲ್ಲಿ ಒಂದು ಮಡಚುವ ಚಾಕು ಮಾಡಿದರು. ಮರದ ಹಿಡಿ, ಉಕ್ಕಿನ ಅಲಗು, ಒಂದು ಕೀಲು. ಇಷ್ಟೇ. ರೈತರು ಅದನ್ನು ಮೆಚ್ಚಿ ಕೊಂಡರು. 1955ರಲ್ಲಿ ಅದರ ಹಿಡಿಯ ಕೊರಳಿಗೆ ತಿರುಗುವ ಒಂದು ಲೋಹದ ಬಳೆ ಸೇರಿತು. ಬಳೆ ತಿರುಗಿಸಿದರೆ ತೆರೆದ ಅಲಗು ಮಡಚುವುದಿಲ್ಲ. ಒಂದು ಸಣ್ಣ ಬಳೆ ಬೆರಳು ಉಳಿಸಿತು ನೋಡಿ!

ಅಂಗಡಿಯಲ್ಲೇ ಐದು ಪರೀಕ್ಷೆ

1. ಚಾಕು ಮಡಚಿ. ಮೆಲ್ಲಗೆ ಕುಲುಕಿ. ಅಲಗು ತಾನಾಗಿ ಹೊರಗೆ ಬರಬಾರದು. ಬಂದರೆ ಜೇಬಿನಲ್ಲೂ ಬರುತ್ತೆ.

2. ಮಡಚಿದ ಚಾಕುವನ್ನು ಬೆಳಕಿಗೆ ಹಿಡಿದು ನೋಡಿ. ಅಲಗಿನ ಬಾಯಿ ಹಿಡಿಯ ಒಳಗೇ ಇರಬೇಕು. ಮೊನೆಯೂ ಹೊರಗೆ ಇಣುಕಬಾರದು.

3. ಚಾಕು ತೆರೆಯಿರಿ. ಅಲಗಿನ ಬೆನ್ನು ಹಿಡಿದು ಎಡಕ್ಕೆ, ಬಲಕ್ಕೆ ಅಲುಗಿಸಿ. ಲೊಡಲೊಡ ಅಂದರೆ ಕೀಲು ಸಡಿಲ. ಅದು ಬೇಡ.

4. ಲಾಕ್ ಇದ್ದರೆ ಲಾಕ್ ಹಾಕಿ. ಹಿಡಿಯನ್ನು ಎರಡು ಪಕ್ಕದಿಂದ ಹಿಡಿಯಿರಿ. ಅಲಗು ಮಡಚಿ ಬರುವ ಸಂದಿಯ ಕಡೆ ಬೆರಳು ಇಡಬೇಡಿ. ಅಲಗಿನ ಬೆನ್ನನ್ನು ಮರದ ಹಲಗೆಗೆ ಮೆಲ್ಲಗೆ ಒತ್ತಿ. ಲಾಕ್ ಜಾರಿದರೆ ಆ ಚಾಕು ಬಿಟ್ಟುಬಿಡಿ.

5. ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ ನೋಡಿ. ನೇರವಾಗಿ ಕೊಯ್ದರೆ ಹರಿತ ಇದೆ. ಹಾಳೆ ಹರಿದರೆ ಬಾಯಿ ಮೊಂಡ.

ಹರಿತವನ್ನು ಬೆರಳಿನಿಂದ ನೋಡಬೇಡಿ. "ತಗೋಳಣ್ಣಾ, ಏನೂ ಆಗಲ್ಲ" ಅಂತ ಅಂಗಡಿಯವರು ಅವಸರ ಮಾಡಬಹುದು. "ಇರಲಿ ಅಣ್ಣಾ, ನೋಡಿ ತಗೋತೀನಿ" ಅನ್ನಿ. ನಮ್ಮ ದುಡ್ಡು, ನಮ್ಮ ಬೆರಳು. ನೋಡುವ ಹಕ್ಕು ನಮಗಿದೆ.

ಉಕ್ಕು ಯಾವುದು?

ಸಾದಾ ಉಕ್ಕಿನ ಅಲಗಿಗೆ ಬೇಗ ಹರಿತ ಬರುತ್ತೆ. ಆದರೆ ನೀರು, ಹುಳಿ ತಾಗಿದರೆ ತುಕ್ಕು ಹಿಡಿಯುತ್ತೆ. ಸ್ಟೇನ್‌ಲೆಸ್ ಸ್ಟೀಲಿಗೆ ಸುಲಭವಾಗಿ ತುಕ್ಕು ಬರುವುದಿಲ್ಲ. ಅದರಲ್ಲಿ ಕ್ರೋಮಿಯಂ ಎಂಬ ಲೋಹ ಬೆರೆತಿರುತ್ತೆ. 100 ಗ್ರಾಂ ಉಕ್ಕಿನಲ್ಲಿ ಕಡಿಮೆ ಎಂದರೂ ಸುಮಾರು ಹತ್ತೂವರೆ ಗ್ರಾಂ ಕ್ರೋಮಿಯಂ ಇರುತ್ತೆ.

ಸ್ಟೀಲಿನಲ್ಲೂ ಬಗೆಗಳಿವೆ. ಊಟದ ತಟ್ಟೆ, ಲೋಟ ಮಾಡುವ ಸ್ಟೀಲು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಆ ಸ್ಟೀಲನ್ನು ಕಾಯಿಸಿ ಗಟ್ಟಿ ಮಾಡಲು ಆಗುವುದಿಲ್ಲ. ಅದರಲ್ಲಿ ಮಾಡಿದ ಅಲಗು ಬೇಗ ಮೊಂಡಾಗುತ್ತೆ. ಚಾಕುವಿಗೆ ಬಳಸುವ ಸ್ಟೀಲು ಅಯಸ್ಕಾಂತಕ್ಕೆ ಅಂಟುತ್ತೆ. ಹಳೇ ರೇಡಿಯೋ ಸ್ಪೀಕರಿನ ಅಯಸ್ಕಾಂತ ಇದ್ದರೆ ಜೊತೆಗೆ ಒಯ್ಯಿರಿ. ಆದರೆ ಅಂಟಿದ್ದೆಲ್ಲ ಒಳ್ಳೆಯ ಉಕ್ಕಲ್ಲ. ಮೆತ್ತಗಿನ ಕಬ್ಬಿಣವೂ ಅಂಟುತ್ತೆ. ಅಂಟದಿದ್ದರೆ ಬೇಡ ಅನ್ನಲು ಮಾತ್ರ ಈ ಪರೀಕ್ಷೆ.

ಕಾಪಾಡುವುದು ಹೇಗೆ?

ಮೊಂಡು ಚಾಕು ಹೆಚ್ಚು ಅಪಾಯ. ಬಲ ಹಾಕಿ ಒತ್ತುತ್ತೇವೆ, ಅದು ಜಾರುತ್ತೆ. ಆಗಾಗ ಮಸೆಗಲ್ಲಿಗೆ ನೀರು ಹಾಕಿ ಮಸೆಯಿರಿ. ಎರಡೂ ಮಗ್ಗುಲು ಸಮನಾಗಿ ಮಸೆಯಿರಿ. ಮಾವು, ನಿಂಬೆ ಕೊಯ್ದ ಮೇಲೆ ತೊಳೆದು ಒರೆಸಿ. ಕೀಲಿಗೆ ಹೊಲಿಗೆ ಮಿಷನ್ನಿನ ಎಣ್ಣೆ ಒಂದು ತೊಟ್ಟು ಬಿಡಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಿ.

ಕಾನೂನು ಏನು ಹೇಳುತ್ತೆ?

1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ ನಿಯಮದ ಪ್ರಕಾರ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಚಾಕು ಆಯುಧದ ಪಟ್ಟಿಗೆ ಸೇರುತ್ತೆ. ಮನೆಗೆಲಸಕ್ಕೆ, ಬೇಸಾಯಕ್ಕೆ ಎಂದೇ ಮಾಡಿದವು ಆ ಪಟ್ಟಿಯಲ್ಲಿ ಇಲ್ಲ. ನಮ್ಮ 3 ಇಂಚಿನ ಚಾಕು ಸಣ್ಣದು. ಆದರೂ ಎಚ್ಚರ ಬೇಕು. ಗಲಭೆ, ಚುನಾವಣೆ ಕಾಲದಲ್ಲಿ ಆಯುಧ ಒಯ್ಯಬಾರದು ಎಂದು ಸರ್ಕಾರಿ ಆದೇಶ ಬರುವುದುಂಟು. ಆಗ ಚಾಕು ಮನೆಯಲ್ಲೇ ಇರಲಿ. ವಿಮಾನದೊಳಗೆ ಕೈಚೀಲದಲ್ಲಿ ಒಯ್ಯುವಂತಿಲ್ಲ. ಗುಂಡಿ ಒತ್ತಿದರೆ ಸಿಡಿದು ತೆರೆಯುವ ಚಾಕು ನಮ್ಮ ಕೆಲಸಕ್ಕೆ ಬೇಡವೇ ಬೇಡ. ಜಗಳಕ್ಕೆ ಚಾಕು ತೆಗೆದರೆ ಸಣ್ಣದಾದರೂ ಅಪರಾಧವೇ.

ಗಾಯವಾದರೆ?

ಶುದ್ಧ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿಯಿರಿ. ಕೈ ಮೇಲೆತ್ತಿ. ರಕ್ತ ನಿಂತ ಮೇಲೆ ಸೋಪು, ನೀರಿನಿಂದ ತೊಳೆಯಿರಿ. ಸುಣ್ಣ, ಕಾಫಿಪುಡಿ ಮೆತ್ತಬೇಡಿ. ರಕ್ತ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಬೆರಳು ಮಡಚಲು ಬಾರದಿದ್ದರೆ ಅಥವಾ ಜೋಮು ಹಿಡಿದರೂ ಹೋಗಿ.

ತುಕ್ಕಿನಿಂದ ಧನುರ್ವಾಯು ಬರುತ್ತೆ ಅಂತಾರೆ. ತುಕ್ಕು ಕಾರಣವಲ್ಲ. ಆ ರೋಗಾಣು ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತೆ. ಹೊಳೆಯುವ ಚಾಕುವಿಗೂ ಅದು ಅಂಟಿರಬಹುದು. ಚುಚ್ಚುಮದ್ದು ಬೇಕೇ ಎಂದು ಆರೋಗ್ಯ ಕೇಂದ್ರದಲ್ಲಿ ಕೇಳಿ.

ಅಭ್ಯಾಸ

1. ಉತ್ತರ ಹೇಳಿ: ಸ್ಪ್ರಿಂಗ್ ಮಾತ್ರ ಇರುವ ಚಾಕುವಿನಿಂದ ಏಕೆ ಚುಚ್ಚಬಾರದು?

2. ಬಿಟ್ಟ ಪದ ತುಂಬಿ: ಕೂಲಿ ಮಾಡುವವರಿಗೆ ______ ಬಂಡವಾಳ.

3. ನಿಮ್ಮ ಮನೆಯ ಚಾಕು ತನ್ನಿ. ಐದು ಪರೀಕ್ಷೆ ಮಾಡಿ. ಯಾವುದರಲ್ಲಿ ಪಾಸು, ಯಾವುದರಲ್ಲಿ ಫೇಲು ಎಂದು ಬರೆಯಿರಿ.

4. ಓದಿ, ಬರೆಯಿರಿ: ಅಲಗು, ಹಿಡಿ, ಕೀಲು, ಮೊನೆ, ಮಸೆಗಲ್ಲು.