ರಕ್ತಪರೀಕ್ಷೆಯ ಒಂದು ಅಂಕಿ ಮತ್ತು ಹೃದಯದ ಧಮನಿ

ನಲವತ್ತೈದು ವಯಸ್ಸಿನ ಒಬ್ಬ ರೈತನನ್ನು ಎಣಿಸಿಕೊಳ್ಳೋಣ. ಆತನ ಅಣ್ಣ ಹೃದಯಾಘಾತದಿಂದ ತೀರಿಕೊಂಡಿದ್ದಾನೆ. ಆ ಭಯದಿಂದ ಈತನು ಪೇಟೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡು ಬಂದಿದ್ದಾನೆ. ಚೀಟಿಯಲ್ಲಿ ‘ಸಿ.ಆರ್.ಪಿ. 18’ ಎಂದಿದೆ. ಅದು ಹೃದಯಕ್ಕೆ ಸಂಬಂಧಿಸಿದ್ದೆಂದು ಯಾರೋ ಹೇಳಿದ ಮೇಲೆ ಗಂಡಹೆಂಡಿರಿಬ್ಬರಿಗೂ ನಿದ್ದೆಯಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಚೀಟಿಯನ್ನು ನೋಡಿ, “ಮೈಯಲ್ಲಿ ಎಲ್ಲಾದರೂ ಗಾಯವಿದೆಯೇನಪ್ಪಾ?” ಎಂದು ಕೇಳುತ್ತಾರೆ. ಉತ್ತರ ಬರುವುದು ಹೆಂಡತಿಯಿಂದ: “ಹಿಮ್ಮಡಿಯಲ್ಲಿ ಮುಳ್ಳು ಮುರಿದು ಹದಿನೈದು ದಿನವಾಯಿತು ಸ್ವಾಮಿ, ತೋರಿಸಿರೆಂದರೆ ಇವರು ಕೇಳುವುದಿಲ್ಲ.” ಹುಣ್ಣಿನಲ್ಲಿ ಕೀವು ತುಂಬಿತ್ತು. ಆ 18 ಬಹುಮಟ್ಟಿಗೆ ಹಿಮ್ಮಡಿಯ ಲೆಕ್ಕವೇ ಹೊರತು ಹೃದಯದ್ದಲ್ಲ.

ಸಿ.ಆರ್.ಪಿ. ಎಂಬುದು ಯಕೃತ್ತಿನಲ್ಲಿ ತಯಾರಾಗುವ ಒಂದು ಸಸಾರಜನಕ ವಸ್ತು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಗುರುತಿಸಿದರು. ದೇಹದ ಯಾವ ಭಾಗದಲ್ಲಿ ಉರಿಯೂತವುಂಟಾದರೂ ಇದು ರಕ್ತದಲ್ಲಿ ಏರುತ್ತದೆ. ದೂರದಿಂದ ತಮಟೆಯ ಸದ್ದು ಕೇಳಿದರೆ ಊರಿನಲ್ಲಿ ಏನೋ ನಡೆದಿದೆಯೆಂದು ತಿಳಿಯುವುದೇ ಹೊರತು, ಅದು ಉತ್ಸವವೋ ಸಾವೋ ಎಂಬುದು ಹೋಗಿ ನೋಡದೆ ತಿಳಿಯದು. ಈ ಅಂಕಿಯೂ ಹಾಗೆಯೇ.

ಹೃದಯಕ್ಕೂ ಉರಿಯೂತಕ್ಕೂ ಸಂಬಂಧವೇನು? ಹೃದಯಕ್ಕೆ ರಕ್ತವನ್ನೊದಗಿಸುವ ಕೊರೋನರಿ ಧಮನಿಗಳಲ್ಲಿ ಜಿಡ್ಡು ಕಟ್ಟುವುದನ್ನು ಕೊಳವೆಯೊಳಗೆ ಪಾಚಿ ಬೆಳೆದಂತೆ ಎಂದು ಹಿಂದೆ ವಿವರಿಸುತ್ತಿದ್ದುದುಂಟು. ಆ ಹೋಲಿಕೆ ಅಪೂರ್ಣ. ಕೊಲೆಸ್ಟರಾಲ್ ಧಮನಿಯ ಗೋಡೆಯ ಒಳಕ್ಕೇ ಸೇರುತ್ತದೆ; ಅದನ್ನು ನುಂಗಲು ರಕ್ತದ ಬಿಳಿ ಕಣಗಳು ಬಂದು ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಗೋಡೆ ಊದಿಕೊಳ್ಳುತ್ತದೆ. ಅದರ ಮೇಲ್ಪೊರೆ ತೆಳುವಾಗಿ ಒಂದು ದಿನ ಬಿರಿದರೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಇದೇ ಹೃದಯಾಘಾತ. ವರ್ಷಗಟ್ಟಲೆ ಬೂದಿಯೊಳಗಿನ ಕೆಂಡದಂತೆ ನಡೆಯುವ ಈ ಉರಿಯೂತವನ್ನು ಅಳೆಯಲು ಸೂಕ್ಷ್ಮ ಸಿ.ಆರ್.ಪಿ. ಪರೀಕ್ಷೆ ಎಂಬ ಪ್ರತ್ಯೇಕ ವಿಧಾನವಿದೆ. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 1ರಿಂದ 3ರವರೆಗೆ ಸಾಧಾರಣ, 3ಕ್ಕೆ ಮೀರಿದರೆ ಹೆಚ್ಚು ಎಂದು ಎಣಿಸುತ್ತಾರೆ. 10ನ್ನು ದಾಟಿದರೆ ಮೊದಲು ಸೋಂಕನ್ನು ಹುಡುಕಿ, ಅದು ವಾಸಿಯಾದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು. ಕೆಲವು ಕಡೆ ಲೀಟರಿಗೆ ಬದಲಾಗಿ ಡೆಸಿಲೀಟರಿಗೆ ಲೆಕ್ಕ ಬರೆಯುವುದರಿಂದ 3 ಎಂಬುದು 0.3 ಎಂದು ಕಾಣಬಹುದು.

ಗರ್ಭಿಣಿಯರಲ್ಲಿ ಈ ಅಂಕಿ ಸಹಜವಾಗಿಯೇ ಏರಿರುತ್ತದೆ. ‘ಮಾಲಾ-ಎನ್’ನಂತಹ ನುಂಗುವ ಗರ್ಭನಿರೋಧಕ ಮಾತ್ರೆಗಳಿಂದಲೂ ಏರಬಹುದು. ಆದ್ದರಿಂದ ಸೋದರಿಯರು ಈ ಸಂಗತಿಯನ್ನು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಅಂಕಿಯನ್ನು ಕಂಡು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹಿಂದೆ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ಉರಿಯೂತವನ್ನು ತಗ್ಗಿಸುವ ಚುಚ್ಚುಮದ್ದೊಂದನ್ನು ಪರೀಕ್ಷಿಸಲಾಯಿತು. ಕೊಲೆಸ್ಟರಾಲ್ ಇಳಿಯದಿದ್ದರೂ ಮತ್ತೆ ಹೃದಯಾಘಾತವಾಗುವುದು ಕಡಿಮೆಯಾಯಿತು. ಆದರೆ ಸೋಂಕಿನಿಂದ ಸತ್ತವರು ತುಸು ಹೆಚ್ಚಾದರು. ಇದನ್ನು ಕೇಳಿ, ಊತ ಇಳಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿದರಾಯಿತು ಎಂದು ಯಾರೂ ಭಾವಿಸಬಾರದು. ಮೈಕೈ ನೋವಿಗೆಂದು ಕೊಳ್ಳುವ ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಊತವನ್ನು ಇಳಿಸುತ್ತವೆಯಾದರೂ ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ. ನಾಟಿ, ಕೊಯ್ಲಿನ ದಿನಗಳಲ್ಲಿ ಇವನ್ನು ಕಡಲೆಯಂತೆ ತಿನ್ನುವವರನ್ನು ಆರೋಗ್ಯ ಕಾರ್ಯಕರ್ತರು ಬಲ್ಲರು.

ನಮ್ಮ ರೈತನ ಹಿಮ್ಮಡಿ ವಾಸಿಯಾಯಿತು. ಮೂರು ವಾರ ಬಿಟ್ಟು ಸೂಕ್ಷ್ಮ ಪರೀಕ್ಷೆ ಮಾಡಿದಾಗ 4 ಬಂದಿತು. ವೈದ್ಯರು ಆಗ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಇವನ್ನೆಲ್ಲ ಅಳೆದರು. ಹಲ್ಲಿನ ವಸಡು ಕೀವುಗಟ್ಟಿದ್ದುದನ್ನು ಕಂಡರು. ದಿನಕ್ಕೆ ಒಂದು ಕಟ್ಟು ಬೀಡಿ ಸೇದುವುದೂ ಹೊರಬಿದ್ದಿತು. ಬೀಡಿ, ಹೊಟ್ಟೆಯ ಬೊಜ್ಜು, ವಸಡಿನ ರೋಗ ಇವೆಲ್ಲವೂ ಈ ಅಂಕಿಯನ್ನು ಏರಿಸುವಂಥವು. ಅಂಕಿ ಇಳಿಯಲೆಂದು ಬೀಡಿ ಬಿಡುವುದಲ್ಲ, ಧಮನಿ ಉಳಿಯಲೆಂದು ಬಿಡುವುದು. ಒಂದೇ ಕೋಣೆಯಲ್ಲಿ ಮಲಗುವ ಹೆಂಡತಿಯ ಧಮನಿಗಳಿಗೂ ಆ ಹೊಗೆ ತಾಕುತ್ತದೆ.

ಅಂಕಿ 1ಕ್ಕಿಂತ ಕಡಿಮೆಯಿದ್ದವರಿಗೂ ಹೃದಯಾಘಾತವಾಗುವುದುಂಟು. ಎದೆ ಹಿಂಡಿದಂತಾಗಿ, ನೋವು ಎಡದೋಳಿಗೋ ದವಡೆಗೋ ಹಬ್ಬಿ, ಬೆವರು ಕಿತ್ತುಕೊಂಡರೆ, ಹಳೆಯ ಚೀಟಿಯನ್ನು ಹುಡುಕುತ್ತಲೋ ‘ವಾಯು’ ಎಂದು ಓಮದ ಕಷಾಯ ಕುಡಿಸುತ್ತಲೋ ಹೊತ್ತು ಕಳೆಯಕೂಡದು. ಹೆಂಗಸರಲ್ಲಿ ಬರಿಯ ಸುಸ್ತು, ಉಬ್ಬಸ, ವಾಕರಿಕೆ ಮಾತ್ರ ಇರಬಹುದು. 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಬೇಕು. ಅಲ್ಲಿ ಮೊದಲು ಇ.ಸಿ.ಜಿ., ಬಳಿಕ ಟ್ರೋಪೊನಿನ್ ಎಂಬ ಬೇರೊಂದು ರಕ್ತಪರೀಕ್ಷೆ ನಡೆಯುತ್ತದೆ. ಸಿ.ಆರ್.ಪಿ. ಎಷ್ಟಿತ್ತೆಂದು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ.