ದಾಖಲೆಯಿಂದ ಆಬ್ಜೆಕ್ಟಿಗೆ: ಎಕ್ಸ್‌ಎಂಎಲ್ ಓದುವ ನಿಯಮಗಳು

ಸಾಂಗಲಿ ಜಿಲ್ಲೆಯ ಜತ್ತ, ಮಿರಜ ತಾಲೂಕುಗಳ ಕನ್ನಡ ಮನೆಗಳಿಂದ ಶಾಲೆಗೆ ಬರುವ ಮಗುವಿನ ಹೆಸರು ಎರಡು ಲಿಪಿಗಳಲ್ಲಿ ಬದುಕುತ್ತದೆ. ಪಾಟಿಯ ಮೇಲೆ, ಬಾಲಭಾರತಿ ಪುಸ್ತಕದ ಮೊದಲ ಪುಟದ ಮೇಲೆ ಅದು ಕನ್ನಡದಲ್ಲಿರುತ್ತದೆ. ರಾಜ್ಯದ ಆಡಳಿತ ಭಾಷೆ ಮರಾಠಿಯಾದುದರಿಂದ ಕಚೇರಿಯ ಕಾಗದದಲ್ಲಿ ದೇವನಾಗರಿಯನ್ನು ಧರಿಸುತ್ತದೆ. ಮರಾಠಿಯ ರೂಢಿಯ ಬರವಣಿಗೆಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲ. ಆದ್ದರಿಂದ ‘ಹೊನ್ನವ್ವ’ ಎಂಬ ಹೆಸರು ದೇವನಾಗರಿಗೆ ಹೋಗಿ ಮರಳಿ ಕನ್ನಡಕ್ಕೆ ಬಂದಾಗ ‘ಹೋನ್ನವ್ವ’ ಆಗಬಹುದು. ಮೂಲ ಉಚ್ಚಾರವನ್ನು ಬಲ್ಲ ಶಿಕ್ಷಕರು ತಿದ್ದಬಲ್ಲರು, ಗಣಕಯಂತ್ರವು ತಿದ್ದಲಾರದು. ಎರಡೂ ರೂಪಗಳನ್ನು ದಾಖಲೆಯಲ್ಲಿ ಬೇರೆ ಬೇರೆಯಾಗಿಯೇ ಇಡುವುದೊಂದೇ ಇದಕ್ಕಿರುವ ಉಪಾಯ. ಆದರೆ ದಾಖಲೆಯಲ್ಲಿ ಇಟ್ಟ ಮಾತ್ರಕ್ಕೆ ಹೆಸರು ಉಳಿಯಿತೆಂದು ಭಾವಿಸುವಂತಿಲ್ಲ. ದಾಖಲೆಯನ್ನು ಓದುವ ಪ್ರೋಗ್ರಾಮು ಅದನ್ನು ಸ್ವೀಕರಿಸಬೇಕು. ಆ ಸ್ವೀಕಾರವು ಹೇಗೆ ನಡೆಯುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದೇ ಈ ಪಾಠದ ವಿಷಯ.

ಮಾದರಿ ದಾಖಲೆ

ಎಕ್ಸ್‌ಎಂಎಲ್ ಎಂಬುದು ಮಾಹಿತಿಗೆ ಗುರುತು ಹಚ್ಚಿ ಬರೆಯುವ ಒಂದು ಪದ್ಧತಿ. 1998ರ ಫೆಬ್ರವರಿಯಲ್ಲಿ ಅದರ ಮೊದಲ ಆವೃತ್ತಿಯು ವಿಶ್ವಮಾನ್ಯ ಶಿಫಾರಸ್ಸಾಗಿ ಪ್ರಕಟವಾಯಿತು. ಗುರುತಿನ ಪದಗಳನ್ನು, ಅಂದರೆ ಟ್ಯಾಗ್‌ಗಳನ್ನು, ಬರೆಯುವವರೇ ಗೊತ್ತುಪಡಿಸಿಕೊಳ್ಳಬಹುದು. ಅವು ಕನ್ನಡ ಲಿಪಿಯಲ್ಲಿಯೂ ಇರಬಹುದು. ಈ ಸಂಗತಿಯು ಅನೇಕ ಶಿಕ್ಷಕರಿಗೆ ತಿಳಿದಿರುವುದಿಲ್ಲ. ಕೆಳಗಿನ ದಾಖಲೆಯಲ್ಲಿರುವ ಹೆಸರುಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು.

<ಶಾಲೆ>
  <ಹೆಸರು>ಕನ್ನಡ ಪ್ರಾಥಮಿಕ ಶಾಲೆ</ಹೆಸರು>
  <ವಿದ್ಯಾರ್ಥಿ ಕ್ರಮಾಂಕ="12">
    <ಹೆಸರು>ಹೊನ್ನವ್ವ</ಹೆಸರು>
    <ಪಾಲಕರು>
      <ಹೆಸರು>ಬೊಮ್ಮಣ್ಣ</ಹೆಸರು>
    </ಪಾಲಕರು>
  </ವಿದ್ಯಾರ್ಥಿ>
</ಶಾಲೆ>

ಇಲ್ಲಿ ‘ಹೆಸರು’ ಎಂಬ ಟ್ಯಾಗ್ ಮೂರು ಸಲ ಬಂದಿದೆ. ಮೂರರ ಅರ್ಥವೂ ಬೇರೆ. ಮನುಷ್ಯನು ಓದಿದಾಗ ಸಂದೇಹ ಬರುವುದಿಲ್ಲ. ಪ್ರೋಗ್ರಾಮಿಗೆ ಮಾತ್ರ ಇದನ್ನು ಬಿಡಿಸಿ ಹೇಳಬೇಕು.

ಹಾದಿಯ ಮೇಲೆ ನಿಂತ ನಿಯಮ

ಪ್ರೋಗ್ರಾಮು ತನ್ನ ಕೆಲಸಕ್ಕೆ ಬಳಸುವುದು ಅಕ್ಷರಗಳ ಸಾಲನ್ನಲ್ಲ, ಆಬ್ಜೆಕ್ಟುಗಳನ್ನು. ವಿದ್ಯಾರ್ಥಿಯ ಆಬ್ಜೆಕ್ಟ್ ಎಂದರೆ ಹೆಸರು, ಕ್ರಮಾಂಕ ಮುಂತಾದ ಖಾನೆಗಳುಳ್ಳ ಒಂದು ಭರ್ತಿ ಮಾಡಿದ ನಮೂನೆ ಎಂದು ಮಕ್ಕಳಿಗೆ ಹೇಳಿದರೆ ಸಾಕು. ದಾಖಲೆಯನ್ನು ಓದಿ ಇಂಥ ನಮೂನೆಗಳನ್ನು ತುಂಬುವ ಸಾಧನಗಳು ಹಲವಿವೆ. ಅವುಗಳಲ್ಲಿ ಅಪಾಚೆ ಸಂಸ್ಥೆಯ ‘ಕಾಮನ್ಸ್ ಡೈಜೆಸ್ಟರ್’ ಕಲಿಸುವುದಕ್ಕೆ ಬಹಳ ಅನುಕೂಲವಾದುದು. ಸ್ಟ್ರಟ್ಸ್ ಎಂಬ ಜಾವಾ ಚೌಕಟ್ಟಿನ ಸಂಯೋಜನಾ ಕಡತವನ್ನು ಓದುವುದಕ್ಕಾಗಿ ಅದು ಹುಟ್ಟಿತು. ಬಳಿಕ ಸ್ವತಂತ್ರ ಸಾಧನವಾಯಿತು. ಹೆಸರಿನ ಅರ್ಥ ‘ಅರಗಿಸುವುದು’ ಎಂದು. ದಾಖಲೆಯನ್ನು ಅದು ಅರಗಿಸಿಕೊಳ್ಳುತ್ತದೆ. ಅರಗದುದನ್ನು ಏನು ಮಾಡುತ್ತದೆಂಬುದು ಮುಂದೆ ಬರಲಿದೆ.

ಡೈಜೆಸ್ಟರಿನಲ್ಲಿ ಪ್ರತಿ ನಿಯಮಕ್ಕೂ ಎರಡು ಭಾಗಗಳು: ಎಲ್ಲಿ ಎಂಬುದೊಂದು, ಏನು ಮಾಡಬೇಕು ಎಂಬುದು ಇನ್ನೊಂದು. ‘ಎಲ್ಲಿ’ ಎಂಬುದನ್ನು ಹಾದಿಯ ರೂಪದಲ್ಲಿ ಬರೆಯುತ್ತಾರೆ: ಶಾಲೆ/ವಿದ್ಯಾರ್ಥಿ/ಹೆಸರು. ಅಂಚೆಯ ವಿಳಾಸದಲ್ಲಿ ಊರಿನ ಹೆಸರಿನ ಮುಂದೆ ‘ತಾ. ಮಿರಜ, ಜಿ. ಸಾಂಗಲಿ’ ಎಂದು ಬರೆಯುವುದೇಕೆ? ಅದೇ ಹೆಸರಿನ ಊರು ಬೇರೆ ತಾಲೂಕಿನಲ್ಲಿಯೂ ಇರಬಹುದೆಂದು. ಇಲ್ಲಿಯೂ ಅದೇ ತರ್ಕ. ಶಾಲೆ/ಹೆಸರು ಎಂಬ ಹಾದಿಗೆ ಶಾಲೆಯ ಹೆಸರು ಸಿಗುತ್ತದೆ. ಶಾಲೆ/ವಿದ್ಯಾರ್ಥಿ/ಪಾಲಕರು/ಹೆಸರು ಎಂಬ ಹಾದಿಗೆ ಪಾಲಕರದು ಸಿಗುತ್ತದೆ.

ಡೈಜೆಸ್ಟರ್ ಇಡೀ ದಾಖಲೆಯನ್ನು ಒಮ್ಮೆಗೇ ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ಓದುಗ ಭಾಗವು ಮೊದಲಿನಿಂದ ಕೊನೆಯವರೆಗೆ ಸಾಗುತ್ತ ‘ವಿದ್ಯಾರ್ಥಿ ಆರಂಭ’, ‘ಹೆಸರು ಆರಂಭ’, ‘ಹೆಸರು ಮುಕ್ತಾಯ’ ಎಂದು ಸಾರುತ್ತ ಹೋಗುತ್ತದೆ. ಪ್ರತಿ ಸಾರಿಕೆಯಲ್ಲೂ ಆಗಿನ ಹಾದಿಗೆ ಹೊಂದುವ ನಿಯಮಗಳು ಎಚ್ಚರಗೊಳ್ಳುತ್ತವೆ. ಸೃಷ್ಟಿ ನಿಯಮವು ಹೊಸ ಆಬ್ಜೆಕ್ಟೊಂದನ್ನು ನಿರ್ಮಿಸಿ ರಾಶಿಯ ಮೇಲಿಡುತ್ತದೆ. ಗುಣ ನಿಯಮವು ಟ್ಯಾಗ್‌ನೊಳಗಿನ ಕ್ರಮಾಂಕದಂಥ ವಿವರವನ್ನೂ, ಪಠ್ಯ ನಿಯಮವು ಟ್ಯಾಗ್‌ಗಳ ನಡುವಿನ ಮಾತನ್ನೂ ರಾಶಿಯ ತುದಿಯಲ್ಲಿರುವ ಆಬ್ಜೆಕ್ಟಿಗೆ ತುಂಬುತ್ತವೆ. ಜೋಡಣೆ ನಿಯಮವು ತುದಿಯ ಆಬ್ಜೆಕ್ಟನ್ನು ಅದರ ಕೆಳಗಿನದಕ್ಕೆ ಒಪ್ಪಿಸುತ್ತದೆ, ಅಂದರೆ ವಿದ್ಯಾರ್ಥಿಯನ್ನು ಶಾಲೆಗೆ ಸೇರಿಸುತ್ತದೆ. ವಿದ್ಯಾರ್ಥಿಯ ಟ್ಯಾಗ್ ಮುಗಿದಾಗ ಆ ಆಬ್ಜೆಕ್ಟ್ ರಾಶಿಯಿಂದ ಇಳಿಯುತ್ತದೆ. ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದ ಪಾಟಿಗಳಲ್ಲಿ ಕೊನೆಗಿಟ್ಟದ್ದೇ ಮೊದಲು ಕೈಗೆ ಬರುವಂತೆ.

ನಿಯಮಗಳನ್ನು ಸೇರಿಸುವ ಅನುಕ್ರಮಕ್ಕೂ ಬೆಲೆಯಿದೆ. ಒಂದೇ ಹಾದಿಗೆ ಹಲವು ನಿಯಮಗಳಿದ್ದರೆ ಆರಂಭದಲ್ಲಿ ಅವು ಸೇರಿಸಿದ ಕ್ರಮದಲ್ಲಿ, ಮುಕ್ತಾಯದಲ್ಲಿ ಹಿಮ್ಮುಖವಾಗಿ ನಡೆಯುತ್ತವೆ. ಆದ್ದರಿಂದ ಸೃಷ್ಟಿ ನಿಯಮವು ಮೊದಲಿರಬೇಕು. ಜೋಡಣೆ ನಿಯಮವು ಅದಕ್ಕಿಂತ ಮುಂಚೆ ಬಂದರೆ, ಮುಕ್ತಾಯದಲ್ಲಿ ವಿದ್ಯಾರ್ಥಿಯ ಪಾಟಿ ಮೊದಲೇ ಇಳಿದುಹೋಗಿ, ಒಪ್ಪಿಸುವುದಕ್ಕೆ ತಪ್ಪು ಪಾಟಿ ಉಳಿದಿರುತ್ತದೆ.

ತಪ್ಪು ಹೆಸರು, ಇಲ್ಲದ ಹೆಸರು

ಮೂರು ಹಾದಿಗಳನ್ನು ಬರೆಯುವ ಶ್ರಮವೇಕೆಂದು ಕೆಲವರು */ಹೆಸರು ಎಂಬ ಒಂದೇ ಸಡಿಲ ಹಾದಿಯನ್ನು ಬರೆಯುತ್ತಾರೆ. ಎಷ್ಟೇ ಆಳದಲ್ಲಿರುವ ‘ಹೆಸರು’ ಆದರೂ ಅದಕ್ಕೆ ಹೊಂದುತ್ತದೆ. ಮೇಲಿನ ದಾಖಲೆಯಲ್ಲಿ ಪಾಲಕರಿಗೆ ಸೃಷ್ಟಿ ನಿಯಮವಿಲ್ಲವೆಂದು ಭಾವಿಸೋಣ. ಆಗ ‘ಹೊನ್ನವ್ವ’ ಎಂಬುದು ವಿದ್ಯಾರ್ಥಿಯ ಖಾನೆಯನ್ನು ಸೇರುತ್ತದೆ. ಕೂಡಲೇ ಬರುವ ‘ಬೊಮ್ಮಣ್ಣ’ ಕೂಡ ರಾಶಿಯ ತುದಿಯಲ್ಲಿರುವ ಅದೇ ವಿದ್ಯಾರ್ಥಿಯ ಖಾನೆಯನ್ನು ಸೇರಿ ಹಿಂದಿನದನ್ನು ಅಳಿಸಿಹಾಕುತ್ತದೆ. ಮಗಳ ಹೆಸರು ಹೋಗಿ ತಂದೆಯ ಹೆಸರು ಉಳಿಯುತ್ತದೆ. ದಾಖಲೆಯಲ್ಲಿ ಲೋಪವಿಲ್ಲ, ಪ್ರೋಗ್ರಾಮು ನಿಂತಿಲ್ಲ. ಆದರೂ ಫಲ ತಪ್ಪು.

ಸಡಿಲ ಹಾದಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಿಖರ ಹಾದಿಯ ನಿಯಮವೊಂದು ಹೊಂದಿದಾಗ ಸಾಮಾನ್ಯ ಏರ್ಪಾಡಿನಲ್ಲಿ ಸಡಿಲ ಹಾದಿಯ ನಿಯಮವು ಅಲ್ಲಿ ನಡೆಯುವುದೇ ಇಲ್ಲ. ಎರಡೂ ನಡೆಯುವುವೆಂದು ನಂಬಿ ಕೆಲಸವನ್ನು ಹಂಚಿಟ್ಟವರು ಅರ್ಧ ತುಂಬಿದ ನಮೂನೆಯನ್ನು ಕಾಣುತ್ತಾರೆ.

ಇವೆಲ್ಲಕ್ಕಿಂತ ಗಂಭೀರವಾದುದು ನಿಯಮವೇ ಇಲ್ಲದ ಸ್ಥಿತಿ. ಮರಾಠಿ ಹೆಸರನ್ನಷ್ಟೇ ಗಮನದಲ್ಲಿಟ್ಟು ನಿಯಮಗಳನ್ನು ರಚಿಸಿದ್ದಾರೆಂದೂ, ದಾಖಲೆಯಲ್ಲಿ ‘ಕನ್ನಡಹೆಸರು’ ಎಂಬ ಟ್ಯಾಗ್ ಸೇರಿದೆಯೆಂದೂ ಊಹಿಸಬೇಕು. ಡೈಜೆಸ್ಟರ್ ಅದನ್ನು ಓದುತ್ತದೆ, ಹೊಂದುವ ನಿಯಮವನ್ನು ಕಾಣದೆ ಸುಮ್ಮನೆ ದಾಟಿ ಹೋಗುತ್ತದೆ. ದೋಷದ ಸೂಚನೆ ಬರುವುದಿಲ್ಲ. ಬೇಡವಾದ ಭಾಗಗಳುಳ್ಳ ದೊಡ್ಡ ಕಡತದಿಂದ ಬೇಕಾದುದನ್ನು ಮಾತ್ರ ಎತ್ತಿಕೊಳ್ಳಲು ಈ ಗುಣವು ಉಪಕಾರಿಯಾದುದು; ಅದಕ್ಕಾಗಿಯೇ ಹಾಗೆ ರಚಿಸಲಾಗಿದೆ. ಆದರೆ ಅಲ್ಪಸಂಖ್ಯಾತ ಭಾಷೆಯ ಮಾಹಿತಿಯು ಈ ಮೌನದಲ್ಲಿಯೇ ಕಳೆದುಹೋಗುತ್ತದೆ. ಯಾರೂ ನಿರಾಕರಿಸದೆಯೇ ಮಗುವಿನ ಸರಿಯಾದ ಹೆಸರು ಹೊರಗೆ ಉಳಿಯುತ್ತದೆ.

ಕನ್ನಡ ಟ್ಯಾಗ್ ಬಳಸುವವರು ಗಮನಿಸಬೇಕಾದುದು ಇನ್ನೂ ಒಂದುಂಟು. ‘ಕೊಠಡಿ’ ಎಂಬಲ್ಲಿಯ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ಇಡಬಹುದು. ಎಕಾರ, ಊಕಾರಗಳ ಚಿಹ್ನೆಗಳೆರಡನ್ನು ಕೂಡಿಸಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಹಾದಿಯನ್ನು ಹೋಲಿಸುವ ಪ್ರೋಗ್ರಾಮಿಗೆ ಅವು ಬೇರೆ ಬೇರೆ ಪದಗಳು. ನಿಯಮ ಹೊಂದುವುದಿಲ್ಲ, ಮತ್ತೆ ಅದೇ ಮೌನ. ದಾಖಲೆಯನ್ನೂ ನಿಯಮಗಳನ್ನೂ ಯೂನಿಕೋಡಿನ ಒಂದೇ ಪ್ರಮಾಣಿತ ರೂಪಕ್ಕೆ ತಂದ ಬಳಿಕವೇ ಓದಿಸಬೇಕು.

ತರಗತಿಯ ಚಟುವಟಿಕೆ

ಗಣಕಯಂತ್ರವಿಲ್ಲದ ಶಾಲೆಯಲ್ಲಿಯೂ ಈ ಪಾಠವನ್ನು ನಡೆಸಬಹುದು. ಒಬ್ಬ ವಿದ್ಯಾರ್ಥಿಯು ದಾಖಲೆಯ ಸಾಲುಗಳನ್ನು ಗಟ್ಟಿಯಾಗಿ ಓದಲಿ. ಉಳಿದವರಿಗೆ ಒಂದೊಂದು ನಿಯಮದ ಚೀಟಿಯನ್ನು ಕೊಡಬೇಕು. ತಮ್ಮ ಹಾದಿಯು ಬಂದಾಗ ಮಾತ್ರ ಅವರು ಎದ್ದು ಬಂದು ಪಾಟಿಯನ್ನು ರಾಶಿಯ ಮೇಲಿಡುವುದು, ಬರೆಯುವುದು ಅಥವಾ ಇಳಿಸುವುದು. ಮೊದಲ ಸಲ ಎಲ್ಲ ಚೀಟಿಗಳನ್ನೂ ಹಂಚಬೇಕು. ಎರಡನೆಯ ಸಲ ಮೂರು ಹಾದಿಗಳ ಬದಲು */ಹೆಸರು ಎಂಬ ಒಂದೇ ಚೀಟಿಯನ್ನು ಕೊಟ್ಟು, ಪಾಲಕರ ಸೃಷ್ಟಿಯ ಚೀಟಿಯನ್ನು ತೆಗೆದಿಡಬೇಕು. ಪಾಟಿಯ ಮೇಲೆ ಯಾರ ಹೆಸರು ಉಳಿಯಿತೆಂಬುದನ್ನು ಮಕ್ಕಳೇ ಹೇಳಲಿ. ಮೂರನೆಯ ಸಲ ದಾಖಲೆಗೆ ‘ಕನ್ನಡಹೆಸರು’ ಎಂಬ ಸಾಲನ್ನು ಸೇರಿಸಿ, ಅದಕ್ಕೆ ಚೀಟಿಯನ್ನು ಮಾತ್ರ ಕೊಡದೆ ಓದಿಸಬೇಕು. ಆ ಸಾಲು ಬಂದಾಗ ಯಾರೂ ಏಳುವುದಿಲ್ಲ. ಓದುವವನು ಮುಂದಿನ ಸಾಲಿಗೆ ಹೋಗುತ್ತಾನೆ. ಶಿಕ್ಷಕರು ಇಲ್ಲಿ ಅವಸರಪಟ್ಟು ವಿವರಿಸಬಾರದು; ಏನು ತಪ್ಪಿತೆಂದು ಮಕ್ಕಳೇ ಕೇಳುವವರೆಗೆ ಕಾಯುವುದು ಒಳ್ಳೆಯದು.

ಆಟ ಮುಗಿದ ಮೇಲೆ, ದಾಖಲೆಯಲ್ಲಿದ್ದ ಹೆಸರುಗಳೆಷ್ಟು, ಪಾಟಿಗಳ ಮೇಲೆ ಬಂದವೆಷ್ಟು ಎಂದು ಎಣಿಸಿ ತಾಳೆ ನೋಡಿಸಬೇಕು. ನಿಯಮ ಹೊಂದದ ಪ್ರತಿ ಟ್ಯಾಗನ್ನೂ ಬರೆದಿಡುವ ಒಂದು ಚೀಟಿಯನ್ನು ಮೇಲ್ವರ್ಗದ ವಿದ್ಯಾರ್ಥಿಗಳಿಂದ ರಚಿಸಿಕೊಳ್ಳಬಹುದು. ಅದರ ಮೇಲಿನ ಹಾದಿಯು ಹೇಗಿರಬೇಕು, ನಿಖರ ಹಾದಿಗಳಿರುವಲ್ಲಿ ಅದು ಸುಮ್ಮನಿರುವುದೇ ಎಂಬ ಪ್ರಶ್ನೆಗಳಿಗೆ ಅವರೇ ಉತ್ತರ ಹುಡುಕಲಿ.