ಗೊತ್ತಿಲ್ಲದ ಪ್ರಶ್ನೆಯನ್ನು ಬಿಡಬೇಕೆ? – ಒಂದು ಅಭ್ಯಾಸ ಪಾಠದ ಅನುಭವ

ಅಭ್ಯಾಸ ಬೋಧನೆಯ ಮೂರನೇ ವಾರದಲ್ಲಿ ದ್ವಿತೀಯ ಪಿಯುಸಿಗೆ ಒಂದು ಪುನರಾವರ್ತನೆ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತು. ಘಟಕ: ಆಯಾಮ ವಿಶ್ಲೇಷಣೆ.

ಹಿಂದಿನ ದಿನ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು: "ಮೇಡಂ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಬಿ.ಎಸ್. ರಿಸರ್ಚ್ ಸೇರಿ ಫಿಸಿಕ್ಸ್ ಓದ್ಬೇಕು. ಐಸರ್ ಅಭಿರುಚಿ ಪರೀಕ್ಷೆ ಬರೀಬಹುದಾ? ನಂಗೆ ಬಯಾಲಜಿ ಇಲ್ಲ." "ಹಾಗಾದ್ರೆ ಆಗಲ್ಲಮ್ಮ" ಎಂದುಬಿಟ್ಟೆ. ನಾನು ಪಿಯುಸಿ ಓದುವಾಗ ನನಗೂ ಯಾರೋ ಹೀಗೇ ಹೇಳಿದ್ದರು. ನಾನು ಅರ್ಜಿಯನ್ನೇ ಹಾಕಲಿಲ್ಲ. ರಾತ್ರಿ ಪ್ರಕಟಣೆ ತೆಗೆದು ಓದಿದೆ. ಪರೀಕ್ಷೆಯಲ್ಲಿ 60 ಪ್ರಶ್ನೆ. ಭೌತ, ರಸಾಯನ, ಗಣಿತ, ಜೀವಶಾಸ್ತ್ರ ತಲಾ 15. ಪಿಯುಸಿಯಲ್ಲಿ ಈ ನಾಲ್ಕರಲ್ಲಿ ಮೂರು ಓದಿದ್ದರೆ ಸಾಕು. ಐಐಎಸ್‌ಸಿಗೆ ಮಾತ್ರ ಬೇರೆಯೇ ಅರ್ಜಿ ಹಾಕಬೇಕು. ಅರ್ಜಿಗೆ ನಾಲ್ಕು ದಿನವಷ್ಟೇ ಉಳಿದಿತ್ತು. ಬೆಳಿಗ್ಗೆ ಅವಳನ್ನು ಹುಡುಕಿ, ನಾನು ಹೇಳಿದ್ದು ತಪ್ಪು ಎಂದೆ.

ತರಗತಿಯಲ್ಲಿ ಇದನ್ನೇ ಪೀಠಿಕೆ ಮಾಡಿಕೊಂಡೆ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. "ಗೊತ್ತಿಲ್ಲದ್ದನ್ನು ಮುಟ್ಟಬೇಡಿ" ಎಂದೆ. ಪಾಠ ಯೋಜನೆಯಲ್ಲೂ ಹಾಗೆಯೇ ಬರೆದಿದ್ದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಮೇಡಂ, ನಾಲ್ಕು ಪ್ರಶ್ನೆಗೆ ಕಣ್ಮುಚ್ಚಿ ಗುರುತು ಹಾಕಿದ್ರೆ ಒಂದು ಸರಿ ಹೋಗುತ್ತಲ್ವಾ? 4ರಲ್ಲಿ 3 ಕಳೆದ್ರೂ 1 ಉಳಿಯುತ್ತೆ" ಎಂದ. ಸರಾಸರಿಯ ಲೆಕ್ಕದಲ್ಲಿ ಅವನದೇ ಸರಿ. ಒಪ್ಪಿಕೊಂಡೆ. ಆದರೆ ಒಂದೊಂದು ಪ್ರಶ್ನೆಗೆ ಸಿಗುವುದು ಕಾಲು ಅಂಕ ಮಾತ್ರ, ಅದೂ ಅದೃಷ್ಟ ಕೈಕೊಡದಿದ್ದರೆ.

ಆಗ ಯೋಜನೆ ಬದಿಗಿಟ್ಟು ಹಲಗೆಯ ಮೇಲೆ ಸರಳ ಲೋಲಕದ ಆಂದೋಲನಾವಧಿಗೆ ನಾಲ್ಕು ಆಯ್ಕೆ ಬರೆದೆ (ಉ – ಉದ್ದ, ಗು – ಗುರುತ್ವ ವೇಗೋತ್ಕರ್ಷ): 2ಪೈ√(ಉ/ಗು), 2ಪೈ√(ಗು/ಉ), 2ಪೈ(ಉ/ಗು), ಪೈ√(ಉ/ಗು). ಮೀಟರನ್ನು 'ಮೀಟರ್ ಪ್ರತಿ ಸೆಕೆಂಡಿನ ವರ್ಗ'ದಿಂದ ಭಾಗಿಸಿದರೆ ಸೆಕೆಂಡಿನ ವರ್ಗ. ವರ್ಗಮೂಲ ತೆಗೆದರೆ ಸೆಕೆಂಡು. ಎರಡನೆಯದೂ ಮೂರನೆಯದೂ ಬಿದ್ದವು. ಉಳಿದ ಎರಡರಲ್ಲಿ ಒಂದನ್ನು ಊಹಿಸಿದರೂ ಸರಾಸರಿ ಒಂದೂವರೆ ಅಂಕ. ಆ ಹುಡುಗನೇ ಈ ಲೆಕ್ಕ ಹೇಳಿದ.

"2ಪೈ ಹೌದೋ ಬರೀ ಪೈ ಹೌದೋ, ಇದರಲ್ಲೇ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದವಳು ಆ ವಿದ್ಯಾರ್ಥಿನಿ. ಗೊತ್ತಾಗುವುದಿಲ್ಲ, ಬರೀ ಸಂಖ್ಯೆಗೆ ಆಯಾಮವಿಲ್ಲ. ದಾರಕ್ಕೆ ಬೀಗದಕೈ ಕಟ್ಟಿ ತೂಗಿಬಿಟ್ಟೆವು. ಒಂದು ಮೀಟರ್ ದಾರಕ್ಕೆ ಹತ್ತು ಆಂದೋಲನ, ಸುಮಾರು 20 ಸೆಕೆಂಡು. ಬರೀ ಪೈ ಆಗಿದ್ದರೆ ಹತ್ತೇ ಸೆಕೆಂಡು ಬರಬೇಕಿತ್ತು.

ಗಂಟೆ ಹೊಡೆದಾಗ ಮೌಲ್ಯಮಾಪನದ ಹಂತ ಬಾಕಿ ಇತ್ತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಅದಕ್ಕೆ ಅಂಕ ಕಳೆದಿದ್ದಾರೆ. ಅವಳು ಎರಡೂ ಅರ್ಜಿ ಹಾಕಿದ್ದಾಳೆ. ತಮ್ಮನ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ಜೀವಶಾಸ್ತ್ರ ಓದುತ್ತಿದ್ದಾಳೆ.